ಎರಡೂವರೆ ಬೆರಳು ನೆಲ

ಮಳೆ ಹಿಂದೆ ಸರಿದು ಹದಿನೈದು ದಿನವಾಗಿತ್ತು. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ಕೂರುವ, ಹತ್ತು ಗಂಟೆಗೆಲ್ಲ ಬೆನ್ನು ಚುರುಗುಟ್ಟುವ ಕಾಲ. ಇಂಥ ದಿನಗಳಲ್ಲಿ ಹುಲ್ಲು ಕಣ್ಣೆದುರೇ ಏಳುತ್ತದೆ. ಇವತ್ತು ಕೊಯ್ದದ್ದನ್ನು ನಾಲ್ಕನೇ ದಿನಕ್ಕೆ ಮತ್ತೆ ಕೊಯ್ಯಬೇಕು. ಕುದುರೆ ಪಂದ್ಯದ ಮೈದಾನದ ಹಿಂಬದಿಯ ತಿರುವಿನಲ್ಲಿ, ಏಳನೇ ಬಿಳಿ ಕಂಬದ ಪಕ್ಕ ಹಿಮ್ಮಡಿಯಣ್ಣ ನಿಂತ. ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಉಸಿರು ಹಿಡಿದ. ಆಮೇಲೆ ಕಾಲೆತ್ತಿ, ಸೊಂಟದ ಮೇಲೆ ಕೈಯಿಟ್ಟು ಬಗ್ಗಿ, ಹಿಮ್ಮಡಿ ಒತ್ತಿದ ಗುಳಿಯಲ್ಲಿ ಬೆರಳನ್ನು ಅಡ್ಡ ಇಟ್ಟು ಅಳೆದ. ಒಂದು ಬೆರಳು. ಕೂದಲೆಳೆಯಷ್ಟು ಹೆಚ್ಚು ಎಂದರೂ ಎನ್ನಬಹುದಿತ್ತು. ಹಾಗೆ ಅನ್ನುವ ಚಾಳಿ ಅವನಿಗಿರಲಿಲ್ಲ.

"ಕಲ್ಲಾಗ್ತಾ ಇದೀಯಲ್ಲೋ ಮಹರಾಯ," ಎಂದು ನೆಲಕ್ಕೆ ಹೇಳಿ ಎಂಟನೇ ಕಂಬದ ಕಡೆ ನಡೆದ.

ಅವನ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವನು ಹಿಮ್ಮಡಿಯಣ್ಣ. ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷ ನಾಲ್ಕು ತಿಂಗಳಾಗಿತ್ತು. ಅವನಿಗಿಂತ ಮೊದಲಿದ್ದ ಮುದುಕ ಕಲಿಸಿಕೊಟ್ಟ ಅಳತೆ ಇದು: ಬಲಗಾಲಿನ ಹಿಮ್ಮಡಿ ಎಷ್ಟು ಬೆರಳು ಇಳಿಯುತ್ತದೆಯೋ ಅಷ್ಟು ನೆಲದ ಮೆದು. ಎರಡರಿಂದ ಮೂರು ಬೆರಳು ಇಳಿದರೆ ಕುದುರೆಗೆ ಹಿತ. ಎರಡಕ್ಕಿಂತ ಕಡಿಮೆಯಾದರೆ ಗಟ್ಟಿ ನೆಲ, ಓಡುವ ಮೂಳೆಗೆ ಕೇಡು. ಮೂರು ದಾಟಿದರೆ ಕೆಸರು. ಸುತ್ತ ಹನ್ನೆರಡು ಕಂಬ, ದಿನಕ್ಕೆ ಹನ್ನೆರಡು ಗುಳಿ. ಹಬ್ಬಹರಿದಿನ, ಜ್ವರ, ಸಾವು ಏನೇ ಇರಲಿ, ಈ ಸುತ್ತು ಒಂದು ದಿನವೂ ತಪ್ಪಿರಲಿಲ್ಲ.

ನೆಲ ಗಟ್ಟಿಯಾಗತೊಡಗಿ ನಾಲ್ಕು ವರ್ಷವಾಗಿತ್ತು. ಮೊದಲು ಎರಡೂವರೆ ಇದ್ದದ್ದು ಎರಡಕ್ಕೆ ಬಂತು, ಮರುವರ್ಷ ಒಂದೂವರೆಗೆ, ಈಗ ಒಂದಕ್ಕೆ. ಅವನು ಮಾಡದ ಉಪಾಯ ಉಳಿದಿರಲಿಲ್ಲ. ರೋಲರ್ ಎಳೆಯುವುದನ್ನು ಅರ್ಧಕ್ಕೆ ಇಳಿಸಿದ. ಹಲ್ಲಿನ ಕವೆಯಿಂದ ಗೇಣುಗೇಣಿಗೂ ನೆಲ ಚುಚ್ಚಿ ಗಾಳಿಯಾಡಿಸಿದ. ಮಳೆ ನಿಂತ ಮಾರನೆಯ ದಿನದಿಂದಲೇ ಪೈಪು ಹಿಡಿದು ಹನ್ನೆರಡು ಕಂಬಗಳ ನಡುವೆ ನೀರು ಬಿಡುವುದು, ಒಂದು ಜಾಗ ನೆನೆದ ಮೇಲೆ ಪೈಪನ್ನು ಹೆಗಲ ಮೇಲೆ ಹೊತ್ತು ಇನ್ನೊಂದು ಜಾಗಕ್ಕೆ ಎಳೆಯುವುದು. ಐವತ್ತೆಂಟರ ಮೈ ಇಷ್ಟಕ್ಕೆಲ್ಲ ಒಪ್ಪುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡಲೂ ಬೇಸರ. ಅಭ್ಯಾಸಕ್ಕೆ ಬರುವ ಜಾಕಿಗಳು "ನೆಲ ಚೆನ್ನಾಗಿದೆ ಅಣ್ಣಾ" ಎಂದರೆ, ಮುದುಕನ ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಳ್ಳುತ್ತಿದ್ದ.

ಹತ್ತನೇ ಕಂಬದ ಹತ್ತಿರ ಲಾಳ ಕಟ್ಟುವವನು ಎದುರಾದ. ಹೆಂಡತಿಯ ತಮ್ಮ. ಅಗಲ ಎದೆ, ಗಿಡ್ಡ ಕಾಲು, ಸೊಂಟದ ಮುಂದೆ ಕಟ್ಟಿದ ತೊಗಲಿನ ಹೊದಿಕೆ. ಕೈಯಲ್ಲೊಂದು ಗೋಣಿಚೀಲ.

"ಭಾವ, ನಿನ್ನ ಹುಲ್ಲು ಲಾಳ ತಿನ್ನೋದು ಕಲ್ತಿದೆ," ಎಂದು ಚೀಲ ಅಲ್ಲಾಡಿಸಿ ಸದ್ದು ಮಾಡಿದ. "ಈ ವಾರದಲ್ಲಿ ಇದು ಐದನೇದು. ಕುದುರೆ ಮುಂದಕ್ಕೆ ಹೋಗುತ್ತೆ, ಲಾಳ ಹಿಂದೆ ಉಳಿಯುತ್ತೆ."

"ಗಟ್ಟಿ ನೆಲಕ್ಕೆ ಹೊಡೆದೂ ಹೊಡೆದೂ ಮೊಳೆ ಸಡಿಲ ಆಗ್ತವೆ ಕಣೋ. ನೀನು ಮೊಳೆ ಸರಿಯಾಗಿ ಹೊಡಿ ಮೊದಲು."

"ನನ್ನ ಮೊಳೆ ಸುದ್ದಿಗೆ ಬರಬೇಡ. ಅಕ್ಕನ್ನ ಕೊಟ್ಟ ಮನೆ ಅಂತ ಬಾಯಿ ಮುಚ್ಕೊಂಡಿದೀನಿ."

"ಎಲ್ಲಿ ಮುಚ್ಕೊಂಡಿದೀಯ?"

"ಇದು ಮುಚ್ಕೊಂಡಿರೋದೇ! ತೆರೆದ್ರೆ ಹೇಗಿರುತ್ತೆ ಅಂತ ನಿನಗೆ ಗೊತ್ತಿಲ್ಲ." ಲಾಳದವನು ನಕ್ಕ. ನಗು ನಿಂತ ಮೇಲೆ ದನಿ ತಗ್ಗಿಸಿ ಕೇಳಿದ, "ನಾಳೆ ಬರ್ತಾರಂತಲ್ಲ. ಏನಾಗುತ್ತೆ ಭಾವ?"

"ನೀರು ಬಿಡ್ತಾ ಇದೀನಿ. ಅದಕ್ಕಿಂತ ಏನು ಮಾಡೋದು ಹೇಳು."

ನಾಳೆ ಬರುವುದು ಕಾಯ್ದೆಯ ತಪಾಸಣೆ.

ಆ ಕಾಯ್ದೆಯನ್ನು ರಾಜಧಾನಿಯಲ್ಲಿ ಆರು ತಿಂಗಳ ಹಿಂದೆ ಮಾಡಿದ್ದರು. ಇನ್ನು ಮೇಲೆ ವರ್ಷಕ್ಕೊಂದು ಮಹಾಪಂದ್ಯ. ಅದರ ಬಹುಮಾನ, ಮೈದಾನದ ಖರ್ಚು ಎಲ್ಲ ಸರ್ಕಾರದ ಬೊಕ್ಕಸದಿಂದ. ರಾಜ್ಯದ ಆರು ಮೈದಾನಗಳಲ್ಲಿ ಯೋಗ್ಯವಾದವುಗಳಿಗೆ ಸರದಿಯ ಮೇಲೆ ಅದನ್ನು ನಡೆಸುವ ಹಕ್ಕು. ಕೇಳುವುದಕ್ಕೆ ಮದುವೆ ಊಟದಂತಿತ್ತು. ಒಳಗಿದ್ದ ಮುಳ್ಳು ಏನೆಂದರೆ, ಪಟ್ಟಿಗೆ ಸೇರದ ಮೈದಾನಕ್ಕೆ ಇನ್ನು ಬಾಜಿ ತೆರಿಗೆಯ ಪಾಲೂ ಇಲ್ಲ. ಆ ಪಾಲಿನಲ್ಲೇ ಇಷ್ಟು ವರ್ಷ ಈ ಮೈದಾನ ಉಸಿರಾಡುತ್ತಿತ್ತು. ಅದು ನಿಂತರೆ ಲಾಯ, ಕುಲುಮೆ, ಹುಲ್ಲು ಎಲ್ಲಕ್ಕೂ ಬೀಗ. ಶಾಸನಸಭೆಯಲ್ಲಿ, ಗೆದ್ದವರಿಗೆ ಬಟ್ಟಲನ್ನು ಯಾರ ಕೈಯಿಂದ ಕೊಡಿಸಬೇಕು ಎಂಬುದಕ್ಕೆ ಎರಡು ದಿನ ಕಿತ್ತಾಡಿ, ನೆಲದ ಕಲಮುಗಳನ್ನು ಊಟಕ್ಕೇಳುವ ಹೊತ್ತಿಗೆ ಕೈಯೆತ್ತಿ ಒಪ್ಪಿಬಿಟ್ಟರಂತೆ. ಹಾಗೆಂದು ಮೈದಾನದ ಕಾರ್ಯದರ್ಶಿ ಎಲ್ಲರನ್ನೂ ಲಾಯದ ಮುಂದೆ ನಿಲ್ಲಿಸಿಕೊಂಡು ಹೇಳಿದ್ದರು. ಒಂಬತ್ತನೇ ಕಲಂ: ಹತ್ತು ವರ್ಷದ ನೆಲದ ದಾಖಲೆ ಇರಬೇಕು, ಅದು ಇವತ್ತಿನ ನೆಲಕ್ಕೆ ತಾಳೆಯಾಗಬೇಕು. ಹನ್ನೊಂದನೇ ಕಲಂ: ನೆಲ ಅಳೆಯುವವನು ಮೈಯಲ್ಲಿ ಶಕ್ತನಾಗಿರತಕ್ಕದ್ದು, ಅಲ್ಲವೆಂದು ಕಂಡುಬಂದರೆ ಮೂವತ್ತು ದಿನದೊಳಗೆ ಬಿಡುಗಡೆ, ಕ್ವಾರ್ಟರ್ಸ್ ತೆರವು.

ಹನ್ನೊಂದನೆಯದನ್ನು ಓದುವಾಗ ಹಿಮ್ಮಡಿಯಣ್ಣ ಆಕಳಿಸುತ್ತಿದ್ದ. ಅವನ ಲಕ್ಷ್ಯವೆಲ್ಲ ಇನ್ನೊಂದರ ಮೇಲಿತ್ತು. ಮೂವತ್ತು ವರ್ಷ ಸೇವೆ ತುಂಬಿದವರಿಗೆ ಕ್ವಾರ್ಟರ್ಸ್ ಜೀವ ಇರುವತನಕ ಎಂದು ಮೈದಾನದ ಹಳೆಯ ನಿಯಮ. ಇನ್ನು ಎಂಟು ತಿಂಗಳು. ಎರಡು ಕೋಣೆ, ತಗಡಿನ ಮಾಡು, ಮಳೆಗೆ ಎರಡು ಕಡೆ ಬೋಗುಣಿ ಇಡಬೇಕು. ಆದರೂ ಆ ಎಂಟು ತಿಂಗಳು ಕಳೆದರೆ ಯಾರೂ ಎದ್ದು ಹೋಗೆನ್ನುವಂತಿಲ್ಲ.

ಸುತ್ತು ಮುಗಿಸಿ ಮನೆಗೆ ಬಂದಾಗ ಹೆಂಡತಿ ಕಿಟಕಿಯ ಹತ್ತಿರ ದಪ್ಪ ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿದ್ದಳು. ಇದೂ ಇಪ್ಪತ್ತೊಂಬತ್ತು ವರ್ಷದ ರೂಢಿ. ಅವನ ಕೈ ಯಾವಾಗಲೂ ಕೆಸರು, ಅಕ್ಷರವಂತೂ ಕೋಳಿ ಕೆದಕಿದ ಹಾಗೆ. ಅವನು ಹೇಳುತ್ತಾನೆ, ಅವಳು ಬರೆಯುತ್ತಾಳೆ. ಅಂಕಿ ಹಾಕುವುದಿಲ್ಲ, ಒಂದು, ಒಂದೂವರೆ, ಎರಡು ಎಂದು ಅಕ್ಷರದಲ್ಲೇ ಬರೆಯುತ್ತಾಳೆ. ಅಂಕಿಯನ್ನು ಯಾರು ಬೇಕಾದರೂ ತಿದ್ದಬಹುದು ಎನ್ನುವುದು ಅವಳ ವಾದ.

"ಒಂದನೇ ಕಂಬ?"

"ಒಂದು ಬೆರಳು."

"ಎರಡನೇದು?"

"ಒಂದು."

ಅವಳು ಲೇಖನಿ ಎತ್ತಿ ಅವನ ಮುಖ ನೋಡಿದಳು. "ಇಷ್ಟು ನೀರು ಕುಡಿದೂನಾ?"

"ಬರಿಯೇ. ನಾಳೆಗೆ ನಾನು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತ್ಕೋಬೇಕು. ನನಗೆ ಮಲಗಿದ್ರೆ ಸಾಕಾಗಿದೆ."

ಮಾರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ತಪಾಸಣೆಯ ಅಧಿಕಾರಿ ಬಂದಳು. ಮೂವರು ಬರುತ್ತಾರೆ ಎಂದಿತ್ತು. ಇಬ್ಬರಿಗೆ ಬೇರೆ ಕೆಲಸ ಬಂತಂತೆ. ನಲವತ್ತರ ಹೆಂಗಸು, ಕಣ್ಣ ಕೆಳಗೆ ಕಪ್ಪು. ಆರು ಮೈದಾನದಲ್ಲಿ ಇದು ಐದನೆಯದಂತೆ, ನಿನ್ನೆ ಎಂಟು ತಾಸು ಬಸ್ಸಿನಲ್ಲಿ ಕೂತು ಸಂಜೆ ಬಂದಿಳಿದಳಂತೆ. ಕಾರ್ಯದರ್ಶಿ ಮಾಲೆ ತರಿಸಿದ್ದರು. ಅವಳು ಅದನ್ನು ನೋಡಿ, "ಇದು ಕುದುರೆಗಾ, ನನಗಾ?" ಎಂದು ಕೇಳಿ ಬೆಂಚಿನ ಮೇಲಿಡಿಸಿದಳು.

ಅವಳ ಚೀಲದಲ್ಲಿ ಸೊಂಟದೆತ್ತರದ ಕಬ್ಬಿಣದ ಸಲಾಕೆ ಇತ್ತು. ಅದರ ತುದಿಯನ್ನು ನೆಲಕ್ಕೆ ಒತ್ತಿದರೆ ಮೇಲಿನ ಗಡಿಯಾರದಂಥ ಮುಖದಲ್ಲಿ ಮುಳ್ಳು ತಿರುಗುತ್ತದೆ. ಒಂದನೇ ಕಂಬದ ಹತ್ತಿರ ಅದನ್ನು ಊರಿ, ಮುಳ್ಳು ನೋಡಿ, ಪುಸ್ತಕದ ನಿನ್ನೆಯ ಪುಟ ನೋಡಿದಳು. ಮತ್ತೆ ಊರಿದಳು. ಎರಡನೇ ಕಂಬದಲ್ಲೂ ಅದೇ. ಮೂರನೆಯದಕ್ಕೆ ಹೋಗುವ ದಾರಿಯಲ್ಲಿ ಅವಳ ಚಪ್ಪಲಿಯ ಹಿಮ್ಮಡಿ ಹುಲ್ಲಿನೊಳಗೆ ಕಚ್ಚಿಕೊಂಡು ಕಾಲು ಬರಿದೇ ಮುಂದೆ ಬಂತು. ಲಾಳದವನು ಬಗ್ಗಿ ಚಪ್ಪಲಿ ಕಿತ್ತುಕೊಟ್ಟ.

"ಮೇಡಂ, ಇಲ್ಲಿ ಕುದುರೆಗಳಿಗೂ ಹೀಗೇ ಆಗುತ್ತೆ," ಎಂದ.

ಅವಳು ನಗಲಿಲ್ಲ. ಚಪ್ಪಲಿಗೆ ಮೆತ್ತಿದ ಮಣ್ಣನ್ನು ಹುಲ್ಲಿಗೆ ಉಜ್ಜುತ್ತ ಹಿಮ್ಮಡಿಯಣ್ಣನ ಕಡೆ ತಿರುಗಿದಳು. "ಪುಸ್ತಕದಲ್ಲಿ ಒಂದು ಬೆರಳು ಅಂತ ಇದೆ. ಗಟ್ಟಿ ನೆಲ. ನನ್ನ ಸಲಾಕೆ, ಬೆರಳಿನ ಲೆಕ್ಕಕ್ಕೆ ತಂದ್ರೆ, ಎರಡೂವರೆ ಅನ್ನುತ್ತೆ. ನನ್ನ ಚಪ್ಪಲಿನೂ ಅದನ್ನೇ ಹೇಳ್ತಿದೆ."

"ಒಂದೇ ಮೇಡಂ. ನಿನ್ನೆ ಬೆಳಗ್ಗೆ ಅಳೆದಿದೀನಿ. ಬೇಕಾದ್ರೆ ಈಗ ಅಳೆದು ತೋರಿಸ್ತೀನಿ."

ಹಿಮ್ಮಡಿಯಣ್ಣ ಮೂರನೇ ಕಂಬದ ಪಕ್ಕ ಬಲಗಾಲೂರಿ ಭಾರ ಬಿಟ್ಟ. ಬೆರಳಿಟ್ಟ. ಒಂದು. ಮುಖವೆತ್ತಿ, ನೋಡಿದಿರಾ ಎನ್ನುವಂತೆ ಎಲ್ಲರನ್ನೂ ನೋಡಿದ. ಅಧಿಕಾರಿ ಲಾಳದವನಿಗೆ, "ನೀವು ಅದರ ಪಕ್ಕದಲ್ಲೇ ಹಾಗೇ ಮಾಡಿ," ಎಂದಳು. ಲಾಳದವನ ತೂಕ ಭಾವನಿಗಿಂತ ಹೆಚ್ಚೇನಲ್ಲ. ಅವನು ಬಲಗಾಲೂರಿದ. ಗುಳಿಯಲ್ಲಿ ಎರಡೂವರೆ ಬೆರಳು ಮುಳುಗಿತು.

ಹಿಮ್ಮಡಿಯಣ್ಣ ಮತ್ತೆ ಊರಿದ, ಹಲ್ಲು ಕಚ್ಚಿ. ಆಗ ಅವನಿಗೆ ತಿಳಿಯಿತು. ಭಾರ ಬಿಡಬೇಕು ಎನ್ನುವಷ್ಟರಲ್ಲಿ ಮೊಣಕಾಲು ತಾನಾಗಿಯೇ ಬಾಗಿ, ಮೈಯೆಲ್ಲ ಸದ್ದಿಲ್ಲದೆ ಎಡಗಾಲಿಗೆ ಜಾರಿಕೊಳ್ಳುತ್ತಿತ್ತು. ನಾಲ್ಕು ವರ್ಷದ ಹಿಂದೆ ಪಳಗದ ಕುದುರೆಮರಿಯೊಂದು ಅವನನ್ನು ಕಂಬಕ್ಕೆ ಒತ್ತಿ ಹಿಡಿದಿತ್ತು. ಒಂದು ತಿಂಗಳು ಮೊಣಕಾಲು ಕುಂಬಳಕಾಯಿಯಾಗಿತ್ತು, ಕುಂಟುತ್ತಲೇ ಸುತ್ತು ಮುಗಿಸುತ್ತಿದ್ದ. ಆಮೇಲೆ ಊತ ಇಳಿಯಿತು, ನೋವು ಇಳಿಯಿತು, ಅವನು ಮರೆತುಬಿಟ್ಟ. ಕಾಲು ಮರೆತಿರಲಿಲ್ಲ. ಅಂದಿನಿಂದ ಅದು ಪ್ರತಿ ಬೆಳಗ್ಗೆ ಅವನಿಗೆ ಗೊತ್ತಾಗದಂತೆ ಕೆಲಸಕ್ಕೆ ಚಕ್ಕರ್ ಹೊಡೆಯುತ್ತ ಬಂದಿತ್ತು. ಅವನು ನೆಲ ಗಟ್ಟಿಯಾಯಿತೆಂದು ನೀರು ಬಿಟ್ಟ, ಚುಚ್ಚಿದ, ಮತ್ತೆ ನೀರು ಬಿಟ್ಟ.

"ಎಡಗಾಲಲ್ಲಿ ಮಾಡ್ಲಾ?" ಎಂದು ಕೇಳಿದ. ಕೇಳಿದ ಮೇಲೆ ತನ್ನ ದನಿ ತನಗೇ ಕೇಳಬಾರದಿತ್ತು ಅನ್ನಿಸಿತು.

"ಬೇಡ, ಬಿಡಿ. ನೆಲ ಚೆನ್ನಾಗಿದೆ," ಎಂದಳು ಅವಳು. "ತೊಂದರೆ ಪುಸ್ತಕದ್ದು."

ಕಾರ್ಯದರ್ಶಿಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಅಧಿಕಾರಿ ಚಹಾ ಕುಡಿಯುತ್ತ, ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. ನಾಲ್ಕು ವರ್ಷದಿಂದ ಗಟ್ಟಿಯಾಗುತ್ತ ಬಂದಿದೆ ಎಂದು ದಾಖಲೆ, ತಪಾಸಣೆಯ ದಿನ ಮಾತ್ರ ಮೆದು. ಹೀಗೇ ಬಿಟ್ಟರೆ, ಕೆಟ್ಟ ನೆಲಕ್ಕೆ ನೀರು ಬಿಟ್ಟು ಕಣ್ಣಿಗೆ ಮಣ್ಣೆರಚಿದ್ದಾರೆ ಎಂದೇ ಬರೆಯಬೇಕಾಗುತ್ತದೆ. ಮೈದಾನ ಪಟ್ಟಿಯಿಂದ ಹೊರಕ್ಕೆ. ದಾಖಲೆ ತಪ್ಪು ಎಂದು ಲಿಖಿತವಾಗಿ ಕೊಟ್ಟರೆ ಇವತ್ತಿನ ಅಳತೆಯ ಮೇಲೆ ತಿದ್ದಬಹುದು. ತಪ್ಪು ಯಾವುದೆಂದು ಹೇಳಬೇಕು, ಅಷ್ಟೆ. ಅಳೆದವನ ಮೈ ಅಶಕ್ತವಾಗಿತ್ತು ಎಂದರೆ ಹನ್ನೊಂದನೇ ಕಲಂ. ಬರೆಯುವಾಗ ಆದ ತಪ್ಪು ಎಂದರೆ ಯಾರಿಗೂ ಏನೂ ಇಲ್ಲ.

ಕಾರ್ಯದರ್ಶಿ ತಕ್ಷಣ ಮುಂದಕ್ಕೆ ಬಾಗಿದರು. "ಮತ್ತೆ ಇನ್ನೇನು? ಬರೆಯೋದು ಇವನ ಹೆಂಡತಿ ಮೇಡಂ. ವಯಸ್ಸಾಗಿದೆ, ಕಣ್ಣು ಮಂಜು. ಅವರು ನಮ್ಮ ನೌಕರರಲ್ಲ, ಯಾರೂ ಏನೂ ಮಾಡೋ ಹಾಗಿಲ್ಲ. ತಪ್ಪು ಬರೆದೆ ಅಂತ ಒಂದು ಸಹಿ ಹಾಕ್ತಾರೆ."

ಅಧಿಕಾರಿ ಪುಸ್ತಕದ ಪುಟ ತಿರುವಿದಳು. "ಎಲ್ಲಾನೂ ಅಕ್ಷರದಲ್ಲಿ ಬರೆದಿದಾರೆ. ಒಂದು ಕಡೆನೂ ಹೊಡೆದು ಹಾಕಿಲ್ಲ. ಇವರು ನಾಲ್ಕು ವರ್ಷ ಎರಡೂವರೆ ಅನ್ನೋದನ್ನ ಎರಡು, ಒಂದೂವರೆ, ಒಂದು ಅಂತ ಬರೆದ್ರು ಅಂದ್ರೆ ನಾನು ನಂಬಲ್ಲ." ಲೋಟ ಕೆಳಗಿಟ್ಟಳು. "ಸಹಿ ಇದ್ರೆ ಕಾಯ್ದೆ ನಂಬುತ್ತೆ. ನನ್ನ ಬಸ್ಸು ನಾಲ್ಕು ಗಂಟೆಗೆ. ಅಷ್ಟರೊಳಗೆ ಯಾವುದಾದ್ರೂ ಒಂದು ಕಾಗದ ಕೊಡಿ."

ಹೊರಗೆ ಬಂದ ಮೇಲೆ ಕಾರ್ಯದರ್ಶಿ ಅವನ ಹೆಗಲ ಮೇಲೆ ಕೈಯಿಟ್ಟರು. ಇಪ್ಪತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. "ಎಂಟು ತಿಂಗಳಪ್ಪ. ಕಣ್ಣು ಮುಚ್ಚಿ ಬಿಡೋಷ್ಟರಲ್ಲಿ ಆಗಿಹೋಗುತ್ತೆ. ಹೆಂಡತಿಗೆ ಹೇಳು, ಇದೇನು ಕೊಲೆ ಅಲ್ಲ."

ಮೈದಾನದ ಅಂಚಿನ ದಾರಿಯಲ್ಲಿ ಮನೆಗೆ ಕಾಲು ಗಂಟೆ. ಅವತ್ತು ಅರ್ಧ ಗಂಟೆ ಹಿಡಿಯಿತು. ಕಾಲಿನ ಗುಟ್ಟು ತಿಳಿದ ಮೇಲೆ ಅದು ಇನ್ನೂ ಬಹಿರಂಗವಾಗಿ ಕುಂಟತೊಡಗಿತ್ತು, ಇನ್ನು ಯಾರ ಮುಲಾಜು ಎನ್ನುವ ಹಾಗೆ. ಲಾಳದವನು ಲಾಯದವರೆಗೂ ಜೊತೆಗೆ ಬಂದ. ಬಾಯಿ ಬಿಡದೆ ನಡೆಯುವುದನ್ನು ಅವನಿಗೇ ಸಹಿಸಲಾಗಲಿಲ್ಲ.

"ನನ್ನ ಮೊಳೆ ಸರಿ ಇಲ್ಲ ಅಂತ ನಾಲ್ಕು ವರ್ಷ ಅಂದೆ ಭಾವ."

"ಅಂದೆ."

"ಮೂರು ಸಲ ಮೊಳೆ ತರಿಸೋ ಅಂಗಡಿ ಬದಲಾಯಿಸಿದೀನಿ ನಿನ್ನಿಂದ."

"ಆಯ್ತು ಬಿಡೋ."

"ಆಯ್ತು ಅಂತ ನಾನು ಹೇಳ್ಬೇಕು, ನೀನಲ್ಲ." ಲಾಳದವನು ಕುಲುಮೆಯ ಬಾಗಿಲಲ್ಲಿ ನಿಂತ. "ಅಕ್ಕನಿಗೆ ಹೇಳು, ಸಹಿ ಹಾಕ್ತಾಳೆ. ನಿನಗೋಸ್ಕರ ಬಾವಿಗೆ ಬೀಳು ಅಂದ್ರೂ ಬೀಳ್ತಾಳೆ. ಬಿದ್ದ ಮೇಲೆ ಒಳಗಿನಿಂದ ಬೈತಾಳೆ, ಅದು ಬೇರೆ ಮಾತು."

ಮನೆಯಲ್ಲಿ ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಲಾಯದ ಗೋಡೆಗಳಿಗೆ ಕಿವಿಗಿಂತ ಕಾಲೇ ಹೆಚ್ಚು. ಮನೆಯಲ್ಲಿದ್ದ ಹಿಂದಿನ ವರ್ಷಗಳ ಪುಸ್ತಕಗಳನ್ನು ಹಲಗೆಯಿಂದಿಳಿಸಿ ಮೇಜಿನ ಮೇಲಿಟ್ಟಿದ್ದಳು. ಅವನು ಬಾಗಿಲ ಹತ್ತಿರದ ಮಣೆಯ ಮೇಲೆ ಕೂತು ಕಾಲು ಚಾಚಿದ. ಅವಳು ನೀರು ಕೊಟ್ಟಳು. ಅವನು ಕುಡಿದ.

"ಗೊತ್ತಾಗ್ತಿತ್ತಾ ನಿನಗೆ?" ಎಂದು ಕೇಳಿದ.

"ಕುಂಟೋದು ಗೊತ್ತಾಗ್ತಿತ್ತು. ಬೆಳಗ್ಗೆ ಹೋಗುವಾಗ ಇಲ್ಲ, ಬರುವಾಗ ಇತ್ತು. ಹೇಳಿದ್ರೆ ಸಿಡುಕ್ತೀರಿ ಅಂತ ಸುಮ್ನಿದ್ದೆ." ಸ್ವಲ್ಪ ತಡೆದು ಹೇಳಿದಳು, "ನೆಲಕ್ಕೂ ಕಾಲಿಗೂ ನಂಟಿದೆ ಅಂತ ಹೊಳೀಲಿಲ್ಲ. ನೀವು ಹೇಳಿದ್ದು ಬರೆದೆ."

"ಹ್ಞೂಂ."

"ಕಾಗದ ಎಲ್ಲಿ? ಏನಂತ ಬರೀಬೇಕಂತೆ?"

ಅವನು ಹೇಳುವ ಅಗತ್ಯವಿರಲಿಲ್ಲ. ಅವಳು ಒಂದು ಪುಸ್ತಕದ ಹಿಂಬದಿಯಿಂದ ಒಂದು ಖಾಲಿ ಹಾಳೆ ಹರಿದು, ಕಿಟಕಿಯ ಬೆಳಕಿಗೆ ಇಟ್ಟುಕೊಂಡು ಬರೆಯತೊಡಗಿದಳು. "ನಾನು ಕಣ್ಣಿನ ದೋಷದಿಂದ ನಾಲ್ಕು ವರ್ಷದಿಂದ ತಪ್ಪಾಗಿ" ಎನ್ನುವತನಕ ಬರೆದು ನಿಲ್ಲಿಸಿದಳು. ಅವಳ ಕೈ ಸಾಮಾನ್ಯವಾಗಿ ಒರತೆಯ ನೀರಿನಂತೆ ಹರಿಯುವ ಕೈ. ಇವತ್ತು ಅಕ್ಷರಗಳು ಒಂದರ ಪಕ್ಕ ಒಂದು ಕೂರಲು ಒಲ್ಲೆ ಎನ್ನುತ್ತಿದ್ದವು.

"ತಪ್ಪಾಗಿ ಬರೆದಿರುತ್ತೇನೆ ಅನ್ನಲಾ, ಬರೆದಿದ್ದೇನೆ ಅನ್ನಲಾ?"

ಅವನು ಗೋಡೆಗೆ ತಲೆಯಾನಿಸಿ ಮೇಜಿನ ಮೇಲಿನ ಪುಸ್ತಕಗಳನ್ನು ನೋಡುತ್ತಿದ್ದ. ಅವಳ ತಾಯಿ ತೀರಿಹೋದ ದಿನ ಬಂಡಿ ಬಾಗಿಲಲ್ಲಿ ಕಾಯುತ್ತಿತ್ತು. ಅವಳು ಹನ್ನೆರಡು ಸಾಲು ಬರೆದು, ಶಾಯಿ ಒಣಗುವವರೆಗೆ ಊದಿ, ಪುಸ್ತಕ ಮುಚ್ಚಿಯೇ ಹೊರಟಿದ್ದಳು. ಈಗ ದೂರದ ಊರಲ್ಲಿ ಗಂಡನ ಮನೆಯಲ್ಲಿರುವ ಮಗಳು ಹುಟ್ಟಿದ ವಾರ ಮಂಚದಲ್ಲೇ ಒರಗಿ ಬರೆದಿದ್ದಳು. ಆ ವಾರದ ಸಾಲುಗಳು ಎಡಕ್ಕೆ ವಾಲಿವೆ, ಒಂದೂ ತಪ್ಪಿಲ್ಲ. ಇಷ್ಟಾದರೂ ಪುಸ್ತಕದ ಮೇಲೆ ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಯಾರಾದರೂ ಅಕ್ಷರ ಚೆನ್ನಾಗಿದೆ ಎಂದರೆ ಅವನು ಸುಮ್ಮನೆ ತಲೆಯಾಡಿಸುತ್ತಿದ್ದ. ತನ್ನದೇ ಎನ್ನುವ ಹಾಗೆ.

"ಹರಿದು ಹಾಕು ಅದನ್ನ," ಎಂದ.

"ಯಾಕೆ?"

"ಬೇಡ ಅಂದ್ನಲ್ಲ. ಹರಿ."

ಅವಳು ಲೇಖನಿ ಕೆಳಗಿಟ್ಟಳು. "ಏನು, ಈಗ ಸತ್ಯವಂತರಾಗೋಕೆ ಹೊರಟ್ರಾ? ನಿಮ್ಮ ದೊಡ್ಡಸ್ತಿಕೆ ಯಾರಿಗೆ ಬೇಕ್ರೀ? ಇದೊಂದು ಚೀಟಿ. ಯಾವುದೋ ಕಡತದಲ್ಲಿ ಬಿದ್ದು ಹುಳ ತಿನ್ನುತ್ತೆ. ನಾನು ಕುರುಡಿ ಅಂತ ಹುಳಕ್ಕೆ ತಿಳಿದ್ರೆ ನನಗೇನು ನಷ್ಟ? ಎಂಟು ತಿಂಗಳು ರೀ! ಆಮೇಲೆ ಈ ಸೋರೋ ಮನೆ ನಮ್ಮದು."

"ಗೊತ್ತು."

"ಗೊತ್ತಿದ್ರೆ ಮತ್ತೆ?"

ಅವನು ಮಾತಿನ ಮನುಷ್ಯನಲ್ಲ. ಮೊಣಕಾಲಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಉಜ್ಜಿದ.

"ನಾಲ್ಕು ವರ್ಷ ದಿನಾ ಬೆಳಗ್ಗೆ ಆ ನೆಲವನ್ನ ಬೈದಿದೀನಿ ಕಣೇ. ಕಲ್ಲು ಅಂದೆ, ಬಂಜೆ ಅಂದೆ. ಅದರದ್ದೇನೂ ತಪ್ಪಿರಲಿಲ್ಲ. ಮೊಳೆ ಸರಿ ಇಲ್ಲ ಅಂತ ನಿನ್ನ ತಮ್ಮನ್ನ ಬೈದೆ, ಅವನದ್ದೂ ಇರಲಿಲ್ಲ. ಉಳಿದಿರೋಳು ನೀನೊಬ್ಬಳು." ಉಸಿರು ಬಿಟ್ಟ. "ನಿನ್ನ ಮೇಲೂ ಹಾಕಿ ಎಂಟು ತಿಂಗಳು ಈ ಕಿಟಕಿ ಹತ್ರ ಕೂತ್ಕೊಂಡು ಒಂದನೇ ಕಂಬ, ಎರಡನೇ ಕಂಬ ಅಂತ ನಿನ್ನ ಕೈಲಿ ಬರೆಸೋದು ನನ್ನಿಂದ ಆಗಲ್ಲ. ಸುಸ್ತಾಗಿದೀನಿ. ನಿಜವಾಗ್ಲೂ."

ಹೊರಗೆ ಯಾರೋ ಕುದುರೆಯನ್ನು ನಡೆಸಿಕೊಂಡು ಹೋದರು. ಗೊರಸಿನ ಸದ್ದು ಮೆತ್ತಗಿತ್ತು.

"ಎಲ್ಲಿಗೆ ಹೋಗೋದು ಮೂವತ್ತು ದಿನದಲ್ಲಿ?"

"ನಿನ್ನ ತಮ್ಮನ ಕುಲುಮೆ ಹಿಂದೆ ಒಂದು ಕೋಣೆ ಇದೆಯಲ್ಲ."

"ಅಲ್ಲಿ ದಿನಾ ಗೊರಸು ಸುಟ್ಟ ವಾಸನೆ."

"ರೂಢಿ ಆಗುತ್ತೆ."

"ನಿಮಗಾಗುತ್ತೆ. ನಿಮಗೆ ನಿಮ್ಮ ಕಾಲು ಕೈಕೊಟ್ಟಿದ್ದೇ ನಾಲ್ಕು ವರ್ಷ ಗೊತ್ತಾಗಿಲ್ಲ." ಹೇಳಿದ ಮೇಲೆ ಅವಳ ತುಟಿಯ ಅಂಚು ಸ್ವಲ್ಪ ಸಡಿಲಿತು. ಅವನೂ ನಗಬೇಕೆಂದುಕೊಂಡ, ಮುಖ ಅಷ್ಟು ದೂರ ಹೋಗಲಿಲ್ಲ. "ಅವನು ಮಾತಾಡ್ತಾನೇ ಇರ್ತಾನೆ, ಹಗಲೆಲ್ಲ. ಅದಕ್ಕೇನು ಮಾಡ್ತೀರಿ?"

"ಅವನ ಬಾಯಿಗೆ ಕಾಯ್ದೆ ಇನ್ನೂ ಬಂದಿಲ್ಲ."

ಅವಳು ಬರೆದ ಹಾಳೆಯನ್ನು ಎರಡಾಗಿ, ನಾಲ್ಕಾಗಿ ಹರಿದಳು. ಇನ್ನೊಂದು ಹಾಳೆ ತೆಗೆದು, ಮೇಲ್ಗಡೆ ತಾರೀಕು ಹಾಕಿ, "ಹೇಳಿ," ಎಂದಳು. ದನಿಯಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ.

ಅವನು ಹೇಳಿದ. ಕಂಬದ ಅಳತೆ ಹೇಳುವ ಹಾಗೆಯೇ, ಒಂದೊಂದಾಗಿ, ನಡುವೆ ಅವಳ ಲೇಖನಿ ಹಿಂದೆ ಬರುವವರೆಗೆ ಕಾದು. ನಾಲ್ಕು ವರ್ಷದ ಹಿಂದೆ ನನ್ನ ಬಲ ಮೊಣಕಾಲಿಗೆ ಪೆಟ್ಟಾಯಿತು. ಅಂದಿನಿಂದ ಹಿಮ್ಮಡಿಗೆ ಪೂರ್ತಿ ಭಾರ ಬೀಳುತ್ತಿರಲಿಲ್ಲ. ಅದು ನನಗೆ ತಿಳಿಯಲಿಲ್ಲ. ನೆಲ ಚೆನ್ನಾಗಿಯೇ ಇತ್ತು. ಈ ಕೆಲಸಕ್ಕೆ ನಾನು ಇನ್ನು ತಕ್ಕವನಲ್ಲ.

ಅವಳು "ತಕ್ಕವನಲ್ಲ" ಎಂದು ಬರೆಯುವಾಗ ಕಿಟಕಿಯ ಕಡೆ ಸ್ವಲ್ಪ ತಿರುಗಿಕೊಂಡಳು. "ಮುಗೀತಾ?"

"ಇಲ್ಲ. ಇನ್ನೂ ಇದೆ." ಅವನು ಮೇಜಿನ ಮೇಲಿನ ಪುಸ್ತಕಗಳತ್ತ ಕೈ ತೋರಿಸಿದ. "ಪುಸ್ತಕದ ಅಕ್ಷರ ಪೂರ್ತಿ ನನ್ನ ಹೆಂಡತಿಯದು. ಇಪ್ಪತ್ತೊಂಬತ್ತು ವರ್ಷ ನಾಲ್ಕು ತಿಂಗಳಿಂದ ಅವಳೇ ಬರೆದದ್ದು. ಅವಳು ಬರೆದದ್ದರಲ್ಲಿ ಅರ್ಧ ಬೆರಳಿನ ತಪ್ಪೂ ಇಲ್ಲ."

ಲೇಖನಿ ನಿಂತಿತು. "ಇದೆಲ್ಲ ಯಾಕೆ? ಕಾಯ್ದೆಗೆ ಇದು ಬೇಕಿಲ್ಲ."

"ಕಾಯ್ದೆಗಲ್ಲ. ನಾನು ಯಾವತ್ತೋ ಹೇಳಬೇಕಾಗಿತ್ತು. ಬಾಕಿ ಉಳಿದಿತ್ತು."

"ನನ್ನ ಬಗ್ಗೆ ನಾನೇ ಬರ್ಕೊಳ್ಳೋದಾ? ಓದಿದೋರು ನಗಲ್ವಾ?"

"ನಗಲಿ. ಬರಿ."

ಅವಳು ಬರೆದಳು. ಹುಬ್ಬು ಗಂಟಿಕ್ಕಿಕೊಂಡೇ, ತುಂಬ ನಿಧಾನವಾಗಿ, ಒಂದಕ್ಷರವನ್ನೂ ಬಿಡದೆ. ಅವನು ಎದ್ದು ಬಂದು ಕೆಳಗೆ ತನ್ನ ಸೊಟ್ಟ ಸಹಿ ಹಾಕಿದ. ಶಾಯಿ ಒಣಗಲಿ ಎಂದು ಅವಳು ಹಾಳೆಯ ಮೇಲೆ ಊದಿದಳು, ಮಡಿಸಿದಳು, ಸೀರೆಯ ಸೆರಗು ಸರಿಪಡಿಸಿಕೊಂಡಳು.

ಅವನು ಚಪ್ಪಲಿಗೆ ಕಾಲು ಹಾಕಲು ಹೋದ.

"ನೀವು ಕೂತ್ಕೊಳ್ಳಿ," ಎಂದಳು. "ಆ ಕಾಲಲ್ಲಿ ಅಷ್ಟು ದೂರ ಬೇಡ. ಬಸ್ಸಿಗೆ ಇನ್ನೂ ಹೊತ್ತಿದೆ, ನಾನೇ ಕೊಟ್ಟು ಬರ್ತೀನಿ."

ಅವನು ಕೂತ.